ವಿಭೂತಿಗೆ ನಿಂಬೆರಸ ಬೆರೆಸಿದ ವಿಚಾರ: ಪಿಎಚ್ ಐದೂವರೆಯವರ ಸನ್ನಿಧಾನಕ್ಕೆ

ಮಾನ್ಯ ಪಿಎಚ್ ಐದೂವರೆಯವರೇ,

ಒಂಟಿಕೊಪ್ಪಲಿನ ನಿವಾಸಿಯೂ ಲಷ್ಕರ್ ಮೊಹಲ್ಲಾದ ಪಾತ್ರೆ ವ್ಯಾಪಾರಿಯೂ ಆದ ಸಿದ್ದಲಿಂಗಸ್ವಾಮಿ ಎಂಬ ನಾನು, ಯುಗಾದಿಯಿಂದೀಚೆಗೆ ಸೋಪು ಕಾಣದ ನನ್ನ ಮುಖವನ್ನು ಆದಷ್ಟೂ ಕೆಳಗೆ ಬಾಗಿಸಿ ತಮಗೆ ನಮಸ್ಕರಿಸುತ್ತೇನೆ. ತಮ್ಮ ಕ್ಷೇಮ ವಿಚಾರಿಸುವುದಿಲ್ಲ. ನಮ್ಮ ಬಚ್ಚಲುಮನೆಯಲ್ಲಿ ಈಗ ಕ್ಷೇಮವಾಗಿರುವುದು ತಾವೊಬ್ಬರೇ.

ಮನುಷ್ಯನ ಚರ್ಮ ತುಸು ಹುಳಿಯಾಗಿರಬೇಕು, ಆ ಹುಳಿಯ ಸರಿಯಾದ ಅಳತೆಯೇ ತಾವು ಎಂಬುದನ್ನು ನನ್ನ ಮಗಳು ಲಾಸ್ಯ ಮೊಬೈಲಿನಲ್ಲಿ ಕಂಡುಕೊಂಡ ದಿನದಿಂದ ಮನೆಯಲ್ಲಿ ತಮ್ಮ ಆಡಳಿತ ಜಾರಿಯಲ್ಲಿದೆ. ಬಣ್ಣ ಬದಲಿಸುವ ಕಾಗದದ ಪಟ್ಟಿಗಳನ್ನು ತರಿಸಿ, ಸೋಪನ್ನು ಕ್ಷಾರವೆಂದು ಹೊರಗಟ್ಟಿದಳು. ಸೀಗೆಪುಡಿ ಪಾಸಾದ್ದರಿಂದ ನನ್ನ ಪತ್ನಿಯೂ ಪಕ್ಷ ಬದಲಿಸಿ ತಮ್ಮ ಕಡೆ ಸೇರಿದಳು.

ಇಷ್ಟಕ್ಕೇ ನಿಂತಿದ್ದರೆ ನಾನು ಲೇಖನಿ ಹಿಡಿಯುತ್ತಿರಲಿಲ್ಲ. ಒಂದು ಬೆಳಿಗ್ಗೆ ಪೂಜೆಗೆ ಕುಳಿತವನ ಒದ್ದೆ ಹಣೆಗೇ ಪಟ್ಟಿ ಒತ್ತಿ, ಅದು ನೀಲಿಗೆ ತಿರುಗಿದ್ದೇ ತಡ, "ವಿಭೂತಿನೂ ಕ್ಷಾರಾನೇ ಅಪ್ಪಾಜಿ, ಸ್ಕಿನ್ ಹಾಳಾಗುತ್ತೆ, ನನ್ನ ಎಂಗೇಜ್‌ಮೆಂಟ್ ಮುಗಿಯೋಗಂಟ ಬಿಟ್ಬುಡಿ" ಎಂದಳು. ಮಗಳ ನಿಶ್ಚಿತಾರ್ಥಕ್ಕೆ ಬರಿಹಣೆಯಲ್ಲಿ ನಿಲ್ಲುವುದೆಂದರೆ ನನಗೆ ಅಂಗಿಯಿಲ್ಲದೆ ನಿಂತ ಹಾಗೆ; ನಿಜಕ್ಕೂ ನೊಂದೆ. ಹಾಗೆಂದು ತಮ್ಮ ಮನಸ್ಸನ್ನು ನೋಯಿಸಲಾದೀತೇ? ಕ್ಷಾರಕ್ಕೆ ಹುಳಿ ಬೆರೆಸಿದರೆ ತಮ್ಮ ಸಮೀಪಕ್ಕೆ ಬಂದೀತೆಂದು ಲೆಕ್ಕ ಹಾಕಿ, ವಿಭೂತಿ ಗಟ್ಟಿಯನ್ನು ನೀರಿನ ಬದಲು ನಿಂಬೆರಸದಲ್ಲಿ ತೇಯ್ದು, ಮೂರು ಬೆರಳಲ್ಲಿ ಹಣೆಗೆ ಎಳೆದುಕೊಂಡು, ಅಂಗಡಿಗೆ ಹೊಸ ಬೋರ್ಡು ಕಟ್ಟಿಸುತ್ತಾ ಮಧ್ಯಾಹ್ನವೆಲ್ಲ ಬಿಸಿಲಿಗೆ ಮುಖವೆತ್ತಿ ನಿಂತೆ.

ಉರಿ ಆರಿದ ಮೇಲೆ ಹಣೆಯಲ್ಲಿ ಮೂರು ಕಪ್ಪು ಪಟ್ಟೆಗಳು ಮೂಡಿದವು. ನಿಂಬೆರಸ ಹಚ್ಚಿ ಬಿಸಿಲಿಗೆ ನಿಂತರೆ ಹೀಗೇ ಆಗುವುದೆಂದೂ, ಮಾಸಲು ತಿಂಗಳುಗಳೇ ಬೇಕೆಂದೂ ಚರ್ಮದ ಡಾಕ್ಟರು ನಗು ತಡೆದುಕೊಂಡು ಹೇಳಿದರು. ಮಠದ ಭಕ್ತರ ಮನೆಯಲ್ಲಿ ಹುಟ್ಟಿ ಕಪ್ಪು ವಿಭೂತಿ ಧರಿಸಿದವನು ನಾನೊಬ್ಬನೇ ಇರಬೇಕು. ಎಷ್ಟು ಸ್ನಾನ ಮಾಡಿದರೂ ಅಳಿಯದ ಇಂಥ ಭಕ್ತಿಯನ್ನು ದಯಪಾಲಿಸಿದ ತಮ್ಮನ್ನು ಹೇಗೆ ಕೊಂಡಾಡಲಿ!

ಆದ್ದರಿಂದ ಬರುವ ಭಾನುವಾರ, ನಿಶ್ಚಿತಾರ್ಥದ ಮುಹೂರ್ತದಿಂದ ಹಿಡಿದು ಊಟದ ಎಲೆ ಎತ್ತುವವರೆಗೆ, ಬಿಳಿ ವಿಭೂತಿಯ ಕ್ಷಾರವೂ ಪಾಸಾಗುವಂತೆ ತಾವು ಐದೂವರೆಯ ಪೀಠದಿಂದ ಕೊಂಚ ಎದ್ದು ಹತ್ತರ ಮೇಲೆ ಕುಳಿತಿರಬೇಕೆಂದೂ, ಅದು ಆಗದಿದ್ದಲ್ಲಿ ಖುದ್ದಾಗಿ ಬಂದು, ಇದು ರೋಗವಲ್ಲ, ವಿಜ್ಞಾನ ಎಂದು ನಮ್ಮ ಬೀಗರಿಗೆ ಮನವರಿಕೆ ಮಾಡಿಕೊಡಬೇಕೆಂದೂ ಪ್ರಾರ್ಥಿಸುತ್ತೇನೆ. ಬರುವುದಾದರೆ ಎರಡು ಬಗೆ ಪಾಯಸವಿದೆ.

ಒಳಗೊಳಗೇ ಇನ್ನೂ ಉರಿಯುತ್ತಿರುವ,
ತಮ್ಮ ವಿಶ್ವಾಸಿ,
ಸಿದ್ದಲಿಂಗಸ್ವಾಮಿ

ಮರೆತ ಮಾತು: ಪತ್ರವನ್ನು ಅಂಚೆಗೆ ಹಾಕುವ ಮೊದಲೇ ನಿಶ್ಚಿತಾರ್ಥ ಮುಗಿದುಹೋಯಿತು. ಬೀಗರ ಎದುರು ನಾನು ಪೇಟವನ್ನು ಹುಬ್ಬಿನವರೆಗೆ ಎಳೆದುಕೊಂಡು ಕುಳಿತಿದ್ದಾಗ ಲಾಸ್ಯಳೇ ಎದ್ದು ಬಂದು, ಪೇಟ ಸರಿಸಿ, ಬರೀ ನೀರಿನಲ್ಲಿ ತೇಯ್ದ ವಿಭೂತಿಯನ್ನು ಆ ಕಪ್ಪು ಪಟ್ಟೆಗಳ ಮೇಲೆ ಬೆಳ್ಳಗೆ ಎಳೆದಳು. ಬೆರಳಲ್ಲಿ ಉಳಿದದ್ದನ್ನು ತನ್ನ ಹಣೆಗೂ ಎಳೆದುಕೊಂಡಳು. ತಮ್ಮ ಅಭಿಪ್ರಾಯವನ್ನು ಯಾರೂ ಕೇಳಲಿಲ್ಲ.