ಕಾಕಾ ಎತ್ತು ಕಳೆದುಕೊಂಡ ವಾರ

ಕಳೆದುಹೋದ ಎತ್ತನ್ನು ಕಂಪ್ಯೂಟರಿನೊಳಗೆ ಹುಡುಕಿದ ಮನುಷ್ಯ ಇಡೀ ಸಿಂದಗಿ ತಾಲೂಕಿನಲ್ಲಿ ಒಬ್ಬನೇ. ಅವನು ನಮ್ಮ ಕಾಕಾ! ನಗಬೇಡಿ. ಆ ಎತ್ತಿಗಾಗಿ ಮೂರು ದಿನ ಮೇಜಿನ ಕೆಳಗೆ ಬೋರಲು ಬಿದ್ದು ಬ್ಯಾಟರಿ ಹಿಡಿದವಳು ನಾನು.

ಕಾಕಾ ಎಂದರೆ ನಮ್ಮಪ್ಪನ ತಮ್ಮ. ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತನಾದವನು. ಮದುವೆಯಾಗಲಿಲ್ಲ. ಯಾಕೆ ಎಂದು ಕೇಳಿದರೆ, "ಲೆಕ್ಕಾ ತಾಳಿ ಆಗ್ಲಿಲ್ಲವ್ವಾ" ಎನ್ನುತ್ತಿದ್ದ. ನಿವೃತ್ತಿಯಾದ ಮರುತಿಂಗಳೇ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಐದು ಕಂಪ್ಯೂಟರುಗಳ ಇಂಟರ್ನೆಟ್ ಸೆಂಟರ್ ತೆರೆದು, ಅದರ ಹಿಂದಿನ ಕೋಣೆಯಲ್ಲೇ ಇರತೊಡಗಿದ. ಊರಿನ ಉಳಿದ ಸೆಂಟರುಗಳಲ್ಲೆಲ್ಲ ಎಲ್ಲರೂ ಬಲ್ಲ ವಿಂಡೋಸ್ ಇದ್ದರೆ ಇವನಲ್ಲಿ ಲಿನಕ್ಸ್! ಗಿರಾಕಿ ಬಂದು, "ಸರ್, ಸ್ಟಾರ್ಟ್ ಬಟನ್ ಎಲ್ಲೈತ್ರಿ?" ಎಂದನೋ, ಸತ್ತ. ಕಾಕಾ ಬೋರ್ಡಿನ ಮೇಲೆ ಚಿತ್ರ ಬರೆದು ಅರ್ಧ ತಾಸು ಪಾಠ ಹೇಳುತ್ತಿದ್ದ. ಅಷ್ಟರಲ್ಲಿ ಆ ಬಡಪಾಯಿಯ ಮೋರಟಗಿ ಬಸ್ಸು ಹೋಗಿಬಿಡುತ್ತಿತ್ತು. ಮರುದಿನ ಅವನು ಎದುರಿನ ಸೆಂಟರಿನಲ್ಲಿ! ಪರೀಕ್ಷೆಯ ಫಲಿತಾಂಶದ ದಿನವೊಂದನ್ನು ಬಿಟ್ಟರೆ ಕಾಕಾನ ಐದೂ ಕುರ್ಚಿ ಖಾಲಿ. ಆದರೂ ದಿನಾ ಮುಂಜಾನೆ ಐದನ್ನೂ ಒರೆಸುತ್ತಿದ್ದ.

ಒಂದು ಬೇಸಿಗೆಯ ಅಡ್ಡಮಳೆಯಲ್ಲಿ ಸಿಡಿಲು ಹೊಡೆದು ಕಾಕಾನ ದೊಡ್ಡ ಕಂಪ್ಯೂಟರ್ ಸುಟ್ಟುಹೋಯಿತು. ಉಳಿದ ನಾಲ್ಕಕ್ಕೂ ಇಂಟರ್ನೆಟ್ ಹಂಚುವುದು ಅದೇ. ಪುಣ್ಯಕ್ಕೆ ಅದರ ಹಾರ್ಡ್ ಡಿಸ್ಕ್ ಉಳಿದಿತ್ತು. ಕಾಕಾ ವಿಜಾಪುರಕ್ಕೆ ಹೋಗಿ ಬೇರೊಂದು ಯಂತ್ರ ತಂದ. ಕೌದಿಯಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಕೂತಿದ್ದನಂತೆ. ಕಂಡಕ್ಟರ್, "ಅಜ್ಜಾರ, ಗಂಟ ಟಾಪಿನ ಮ್ಯಾಲ ಹಾಕ್ರಿ" ಎಂದದ್ದಕ್ಕೆ, "ಕೂಸಿನ್ನ ಯಾರರ ಟಾಪಿನ ಮ್ಯಾಲ ಹಾಕ್ತಾರೇನೋ?" ಎಂದು ರೇಗಿದನಂತೆ!

ಹಳೆಯ ಡಿಸ್ಕನ್ನು ಹೊಸ ಯಂತ್ರಕ್ಕೆ ಜೋಡಿಸಿದ. ಎಲ್ಲ ಸರಿಯಾಗಿ ಎದ್ದಿತು, ಇಂಟರ್ನೆಟ್ ಮಾತ್ರ ಇಲ್ಲ. ನೆಟ್‌ವರ್ಕಿನ ತಂತಿ ಸಿಗಿಸುವ ಕಾರ್ಡಿಗೆ ಲಿನಕ್ಸ್ ಒಂದು ಹೆಸರಿಡುತ್ತದೆ. ಇಂಗ್ಲಿಷ್ ಅಕ್ಷರದಲ್ಲಿ ಅದು eth0, ಕಾಕಾನ ಬಾಯಲ್ಲಿ 'ಎತ್ ಸೊನ್ನೆ'. ಆ ಎತ್ ಸೊನ್ನೆಯೇ ಪರದೆಯ ಮೇಲಿಂದ ಮಾಯ!

ತಲೆ ಕೆಟ್ಟ ಕಾಕಾ ಮೂಲೆಯ ಚಹಾದಂಗಡಿಗೆ ಹೋಗಿ ಕೂತ. ಅಂಗಡಿಯ ಸಾಹೇಬರು, "ಯಾಕ್ರಿ ಮಾಸ್ತರ, ಮಾರಿ ಸಪ್ಪಗ ಮಾಡೀರಿ?" ಎಂದರು.

"ಎತ್ ಕಾಣವಲ್ದು ಸಾಹೇಬ್ರ. ಮೊನ್ನಿ ತನಕಾ ಇತ್ತು. ಜಾಗಾ ಬದಲ ಮಾಡಿದ್ದ ತಪ್ಪಾತು."

"ಎತ್ತ? ನೀವು ಎತ್ತ ಯಾವಾಗ ಕಟ್ಟಿದ್ರಿ?"

"ಮೊದಲಿಂದಾನೂ ಐತಲ್ರಿ! ಅದರ ಮ್ಯಾಲೇ ನನ್ನ ಅಂಗಡಿ ನಡದೈತಿ" ಎಂದು ಅರ್ಧ ಚಹಾ ಬಿಟ್ಟು ಕಾಕಾ ಎದ್ದುಹೋದ.

ನಮ್ಮ ಕಡೆ ಎತ್ತು ಕಳೆಯುವುದೆಂದರೆ ಸಣ್ಣ ಮಾತೇ? ಮಧ್ಯಾಹ್ನದ ಹೊತ್ತಿಗೆ ಕಾಕಾನ ಬಾಗಿಲಲ್ಲಿ ಏಳು ಜನ. ಕೆರೆಯ ಹತ್ತಿರ ನೋಡಿದೆನೆಂದು ಒಬ್ಬ, ಸಂತೆ ಮೈದಾನದಲ್ಲಿ ನಿಂತಿತ್ತೆಂದು ಇನ್ನೊಬ್ಬ. ಹಿರಿಯ ರೈತರೊಬ್ಬರು, "ಮೊದಲ ಬಣ್ಣಾ ಹೇಳ್ರಿ" ಎಂದರು.

ಕಾಕಾ ಕಾರ್ಡನ್ನು ನೆನೆದು, "ಹಸರು" ಎಂದ.

ಆಮೇಲೆ ಬಿದ್ದ ನಗೆಗೆ ಎದುರಿನ ಸೆಂಟರಿನವರೂ ಹೊರಗೆ ಬಂದರಂತೆ! ಕಾಕಾ ಐದು ಮಂದಿಯನ್ನು ಕುರ್ಚಿಯಲ್ಲಿ ಕೂರಿಸಿ, ಇಬ್ಬರಿಗೆ ಕಟ್ಟೆ ತೋರಿಸಿ, ಚಹಾ ತರಿಸಿ, ಯಂತ್ರದ ಮುಚ್ಚಳ ತೆಗೆದು 'ಎತ್ತಿನ' ಕೊಟ್ಟಿಗೆ ತೋರಿಸಿದನಂತೆ. ಇದನ್ನೆಲ್ಲ ನನಗೆ ಹೇಳಿದವರು ಸಾಹೇಬರು. ಹೇಳಿ ನಕ್ಕು, ನಗು ನಿಲ್ಲಿಸಿ, "ಎಲ್ಲಾರೂ ಹೋದ ಮ್ಯಾಲೆ ಮಾಸ್ತರ ಬಾಗಲದಾಗ ಭಾಳ ಹೊತ್ತ ನಿಂತಿದ್ರವ್ವಾ" ಎಂದರು.

ಅಂದು ಸಂಜೆಯೇ ನನಗೆ ಫೋನು. ನಾನು ಝಳಕಿಯಲ್ಲಿ ಪ್ರಾಥಮಿಕ ಶಾಲೆಯ ಶಿಕ್ಷಕಿ. ಬೇಸಿಗೆ ರಜೆ, ಬಾಡಿಗೆ ಕೋಣೆ, ಮಾಡಲು ಕೆಲಸವಿಲ್ಲ.

"ಯವ್ವಾ, ಎತ್ ಕಳದೈತಿ. ನಾಳಿ ಬಾ."

"ಕಾಕಾ, ನನಗ ಕಂಪ್ಯೂಟರ್ ಬರೂದಿಲ್ಲ."

"ಅಕ್ಷರಾ ಓದಾಕ ಬರ್ತೈತಿಲ್ಲೋ? ಬಾ."

ಮರುದಿನ ಬುಧವಾರ. ಇಂಡಿಯಲ್ಲಿ ಬಸ್ಸು ಬದಲಿಸಿ ಮಧ್ಯಾಹ್ನಕ್ಕೆ ಸಿಂದಗಿ ಮುಟ್ಟಿದೆ. ಬಂದವಳಿಗೆ ನೀರು ಕೊಟ್ಟು, ಹಿಂದೆಯೇ ಬ್ಯಾಟರಿಯನ್ನೂ ಕೊಟ್ಟ! ಅಂದು ಒಂದೊಂದೇ ತಂತಿ ಕಿತ್ತು ಬೇರೆ ಸಿಗಿಸಿದೆವು. ಗುರುವಾರ ಸ್ಕ್ರೂ ಬಿಚ್ಚಿ ಕಾರ್ಡು ಒರೆಸಿದೆವು. ನಡುನಡುವೆ ರೊಟ್ಟಿ, ಶೇಂಗಾ ಹಿಂಡಿ, ಮತ್ತೆ ಕಾಕಾನ ಮಾತು. ಅವನಲ್ಲಿ ಅಷ್ಟೊಂದು ಮಾತು ಇದ್ದದ್ದು ನನಗೇ ಗೊತ್ತಿರಲಿಲ್ಲ! ನಮ್ಮಪ್ಪ ಸಣ್ಣವನಿದ್ದಾಗ ಬಾವಿಗೆ ಬಿದ್ದದ್ದು, ಹೊರ್ತಿಯಲ್ಲಿ ಹೆಣ್ಣು ನೋಡಲು ಹೋಗಿ ಹುಡುಗಿಯ ತಮ್ಮನಿಗೆ ಭಾಗಾಕಾರ ಕಲಿಸಿ ಬಂದದ್ದು, ಎಲ್ಲ.

ಶುಕ್ರವಾರ ಪರದೆಯ ಮೇಲೆ ಒಂದು ಕಡತ ತೆರೆದು, "ಕಣ್ಣ ಮಂಜ ಆಗ್ಯಾವು, ನೀ ಓದು" ಎಂದ. ಓದಿದೆ. "ಕಾಕಾ, ಇಲ್ಲಿ ಎರಡು ಸಾಲ ಅದಾವಲ್ಲ! ಎತ್ ಸೊನ್ನೆ ಅಂತ ಒಂದು, ಎತ್ ಒಂದು ಅಂತ ಒಂದು. ಮುಂದಿನ ನಂಬರ್ ಬ್ಯಾರೆ ಬ್ಯಾರೆ."

"ಹೌದ? ನಮ್ಮ ಹೊಸಾ ಕಾರ್ಡಿನ ನಂಬರ್ ಯಾವ ಸಾಲಿನಾಗೈತಿ?"

ಹೋಲಿಸಿದೆ. ಎರಡನೆಯ ಸಾಲಿನಲ್ಲಿತ್ತು. ಸುಟ್ಟುಹೋದ ಕಾರ್ಡಿನ ಹೆಸರನ್ನು ಯಂತ್ರ ಇನ್ನೂ ಕಾದಿಟ್ಟು, ಹೊಸದಕ್ಕೆ ಬೇರೆ ಹೆಸರು ಕೊಟ್ಟಿತ್ತು. ಇಂಟರ್ನೆಟ್ಟಿನ ಏರ್ಪಾಡೆಲ್ಲ ಹಳೆಯ ಹೆಸರಿಗೇ ಇತ್ತು! ನಾನು ಹೇಳಿದಂತೆ ಕಾಕಾ ಮೊದಲ ಸಾಲು ಅಳಿಸಿ, ಎರಡನೆಯದಕ್ಕೆ ಸೊನ್ನೆ ಬರೆದ. ಯಂತ್ರ ಆರಿಸಿ ಮತ್ತೆ ಹಚ್ಚಿದೆವು. ಇಂಟರ್ನೆಟ್ ಬಂದೇಬಿಟ್ಟಿತು!

"ಶಾಣ್ಯಾಕಿ ನನ್ನವ್ವಾ!" ಎಂದು ಕಾಕಾ ಚಪ್ಪಾಳೆ ತಟ್ಟಿ, ಚಹಾ ಮಾಡಲು ಒಳಗೆ ಹೋದ. ನನಗೋ, ಕೋಡು ಮೂಡಿದಷ್ಟು ಹಿಗ್ಗು!

ಇಂಡಿ ಬಸ್ಸಿನ ವೇಳೆ ಎಲ್ಲಾದರೂ ಬರೆದಿಟ್ಟಿದ್ದಾನೆಯೇ ಎಂದು ಮೇಜಿನ ಖಾನೆ ಎಳೆದೆ. ಅವನ ರಿಪೇರಿಯ ನೋಟಬುಕ್ ಸಿಕ್ಕಿತು. ಕೊನೆಯ ಪುಟದಲ್ಲಿ ಮಾಸ್ತರರ ದುಂಡು ಅಕ್ಷರ:

"ಬುಧವಾರ, ಮುಂಜಾನೆ ೧೧. ಕಾರಣ ಸಿಕ್ಕಿತು. ಹಳೆಯ ಸಾಲು ಅಳಿಸಿದೆ, ಇಂಟರ್ನೆಟ್ ಬಂತು. ೧೧-೨೦. ಸಾಲು ಮತ್ತೆ ಮೊದಲಿದ್ದಂತೆಯೇ ಬರೆದೆ. ಮಧ್ಯಾಹ್ನ ಮಗಳು ಬರುತ್ತಾಳೆ."

ಎರಡು ಸಲ ಓದಿದೆ. ನೋಟಬುಕ್ಕನ್ನು ಇದ್ದ ಹಾಗೆಯೇ ಇಟ್ಟು ಖಾನೆ ಮುಚ್ಚಿದೆ.

ಒಳಗಿನಿಂದ ಕಾಕಾ ಕೇಳಿದ: "ಕೆಲಸಂತೂ ಮುಗೀತು. ನಾಳಿ ಮುಂಜಾನಿ ಬಸ್ಸಿಗೇ ಹೋಗ್ತೀಯೇನವ್ವಾ?"

"ಸಾಲಿ ಸೂಟಿ ಇನ್ನಾ ಐತಿ ಕಾಕಾ. ಒಂದ ವಾರ ಇದ್ದು ಹೋಗ್ತೇನಿ."

ಒಳಗೆ ಬಟ್ಟಲುಗಳ ಸದ್ದು ನಿಂತಿತು. ಆಮೇಲೆ ಕಾಕಾ ಚಹಾ ಮರೆತು, ಕೈಚೀಲ ಹಿಡಿದುಕೊಂಡು, ನನ್ನ ಕಡೆ ನೋಡದೆ ಹೊರಗೆ ಹೊರಟ.

"ಎಲ್ಲಿಗೆ ಕಾಕಾ?"

"ಬದನಿಕಾಯಿ ತರ್ತೇನಿ" ಎಂದ. "ಒಬ್ಬಾಂವಗ ಅಂತ ಎಣಗಾಯಿ ಯಾರ ಮಾಡ್ತಾರವ್ವಾ?"