ಗೆರೆಯ ಮೇಲಿನ ಮನೆ

ಎಲಿಸೆಯೊ ಫರಿನಾಂಗೊ ಕೇಳಿದ್ದು ಒಂದೇ ಒಂದು ಪ್ರಶ್ನೆ. ಅದನ್ನು ಕೇಳದೆ ತೆಪ್ಪಗಿದ್ದಿದ್ದರೆ ಹಬ್ಬದ ದಿನ ಅವನ ಮಂಚ ಅಂಗಳಕ್ಕೆ ಬಂದು ಬೀಳುತ್ತಿರಲಿಲ್ಲ.

ಭೂಮಧ್ಯರೇಖೆ ಕಾಚಿಲೋಮ ಊರಿನ ನಡುವೆಯೇ ಹಾದುಹೋಗುತ್ತದೆ ಎಂದು ಅಲ್ಲಿನ ಎಲ್ಲರಿಗೂ ಗೊತ್ತು. ಸರಿಯಾಗಿ ಎಲ್ಲಿ ಎಂದು ಮಾತ್ರ ಯಾರಿಗೂ ಗೊತ್ತಿಲ್ಲ. ಹಾಗಿದ್ದರೂ ಅದರ ಹೆಸರಿನಲ್ಲಿ ಊರು ಎರಡು ಹೋಳು. ಬಡಗಣ ಕೇರಿ, ತೆಂಕಣ ಕೇರಿ. ಎರಡಕ್ಕೂ ಬೇರೆ ಮುಖಂಡರು, ಬೇರೆ ಫುಟ್‌ಬಾಲ್ ತಂಡ, ಸಂತ ಪೇದ್ರೊ ಹಬ್ಬಕ್ಕೆ ಬೇರೆ ಬೇರೆ ಪಾಂಪಮೇಸ. ನೆಲದ ಮೇಲೆ ಉದ್ದಕ್ಕೆ ಬಟ್ಟೆ ಹಾಸಿ, ಮನೆಮನೆಯವರು ಬೇಯಿಸಿ ತಂದ ಆಲೂಗಡ್ಡೆ, ಜೋಳ, ಅವರೆಕಾಳು ಎಲ್ಲವನ್ನೂ ಅದರ ಮೇಲೆ ಸುರಿದು, ಎರಡೂ ಬದಿಗೆ ಕೂತು ಕೈಯಲ್ಲಿ ತಿನ್ನುವ ಊಟ ಅದು. ಕರೆಯದೆ ಯಾರೂ ಹೋಗುವಂತಿಲ್ಲ. ಶಂಖ ಊದುವವನು ಪ್ರತಿ ಬಾಗಿಲಲ್ಲೂ ನಿಂತು ಹೆಸರು ಹಿಡಿದು ಕೂಗಬೇಕು.

ಬಡಗಣ ಕೇರಿಯ ಶಂಖ ಎಲಿಸೆಯೊನ ಎಡಗಡೆಯ ಮನೆಯವರೆಗೆ ಬಂದು ಹಿಂದಿರುಗುತ್ತಿತ್ತು. ತೆಂಕಣ ಕೇರಿಯದು ಬಲಗಡೆಯ ಮನೆಯವರೆಗೆ. ಅವನು ಅವರ ಪೈಕಿ ಎಂದು ಇವರು, ಇವರ ಪೈಕಿ ಎಂದು ಅವರು. ಯಾರಿಗೂ ಅವನ ಮೇಲೆ ಸಿಟ್ಟೇನೂ ಇರಲಿಲ್ಲ. ಸಿಟ್ಟಾದರೂ ಇದ್ದಿದ್ದರೆ ರಾಜಿಗೆ ಬರಬಹುದಿತ್ತು.

ಹೆಂಡತಿ ಲೂಸ್ಮಿಲಾ ಇದ್ದಾಗ ಈ ತಾಪತ್ರಯ ಇರಲಿಲ್ಲ. ಅವಳು ಬಡಗಣ ಕೇರಿಯ ಮಗಳು. ಅವಳ ಹೆಸರು ಕೂಗುತ್ತಿದ್ದರು, ಬೇರೆ ಊರಿಂದ ಬಂದ ಎಲಿಸೆಯೊ ಅವಳ ಹಿಂದೆ ಹೋಗಿ ಕೂರುತ್ತಿದ್ದ. ಮೂರು ವರ್ಷದ ಹಿಂದೆ ಅವಳು ತೀರಿಕೊಂಡ ಮೇಲೆ ಕೂಗಲು ಹೆಸರೇ ಉಳಿಯಲಿಲ್ಲ. ಬಸ್ ನಿಲ್ದಾಣದಲ್ಲಿ ಬಿಸ್ಕತ್ತು ಮಾರುವ ಅವನು ಪ್ರತಿ ಹಬ್ಬಕ್ಕೂ ಮಿಂದು, ಹೊಸ ಪೊಂಚೊ ಕಂಬಳಿ ಹೊದ್ದು, ದೊಡ್ಡ ಪಾತ್ರೆಯಲ್ಲಿ ಆಲೂಗಡ್ಡೆ ಬೇಯಿಸಿಕೊಂಡು ಬಾಗಿಲಲ್ಲಿ ಕೂರುತ್ತಿದ್ದ. ಎರಡೂ ಶಂಖ ಕೇಳಿಸುತ್ತಿದ್ದವು, ಎರಡೂ ದೂರವಾಗುತ್ತಿದ್ದವು. ಆಮೇಲೆ ವಾರವಿಡೀ ಅದೇ ಆಲೂಗಡ್ಡೆ.

ಈ ಸಲದ ಹಬ್ಬದ ಬೆಳಿಗ್ಗೆ ರಾಜಧಾನಿಯಿಂದ ಪೌಲಿನಾ ಎಂಬ ಇಂಜಿನಿಯರ್ ಬಂದಿಳಿದಳು. ಮೂರು ಕಾಲಿನ ಅಳತೆಯಂತ್ರವನ್ನು ರಸ್ತೆಯ ನಡುವೆ ನಿಲ್ಲಿಸಿದಳು. ಎಲಿಸೆಯೊ ಒಂದು ಪೊಟ್ಟಣ ಬಿಸ್ಕತ್ತು ಹಿಡಿದು ಅವಳ ಪಕ್ಕ ನಿಂತ.

"ಇಂಜಿನಿಯರಮ್ಮ, ಒಂದು ಸಣ್ಣ ಪ್ರಶ್ನೆ. ನಾನು ಉತ್ತರದವನೋ, ದಕ್ಷಿಣದವನೋ?"

"ಅದನ್ನ ಅಳೆಯೋಕೇ ಬಂದಿದೀನಿ. ನಿಮ್ಮ ಮನೆ ಯಾವುದು?"

ಅವನು ಮನೆ ತೋರಿಸುವಷ್ಟರಲ್ಲಿ ಊರೇ ಸುತ್ತ ನೆರೆದಿತ್ತು. ಬಡಗಣ ಕೇರಿಯ ಮುಖಂಡ ದೋನ್ ನೆಪ್ತಾಲಿ ಮುಂದೆ ಬಂದು, "ಅಳೆಯೋದೇನಿದೆ? ಭೂಮಿ ಕಿತ್ತಳೆ ಹಣ್ಣಿನ ಹಾಗೆ ಗುಂಡಗಿದೆ, ನಡುವೆ ಕುಯ್ದರೆ ಆಯ್ತು" ಎಂದ.

"ಗುಂಡಗಿಲ್ಲ, ಯಜಮಾನ್ರೇ," ಎಂದಳು ಪೌಲಿನಾ. "ನಡುವಲ್ಲಿ ಊದಿಕೊಂಡಿದೆ. ಸಮುದ್ರಮಟ್ಟದಲ್ಲೇ ಅಳೆದ್ರೂ ಧ್ರುವದಲ್ಲಿ ನಿಂತವರಿಗಿಂತ ಇಲ್ಲಿನವರು ಭೂಮಿಯ ಮಧ್ಯದಿಂದ ಇಪ್ಪತ್ತೊಂದು ಕಿಲೋಮೀಟರ್ ಜಾಸ್ತಿ ದೂರ."

ತೆಂಕಣ ಕೇರಿಯ ಮುಖಂಡೆ ದೋನ್ಯಾ ತ್ರಾನ್ಸಿತೊ ಮೈಕೈ ತುಂಬಿಕೊಂಡ ಹೆಂಗಸು. "ಕೇಳಿಸ್ಕೊಂಡ್ರಾ? ಭೂಮಿತಾಯಿಗೇ ಸೊಂಟ ದಪ್ಪ ಅಂತೆ. ಇನ್ಮೇಲೆ ನನ್ನ ಯಾರಾದ್ರೂ ಆಡ್ಕೊಳ್ಳಿ, ನೋಡ್ತೀನಿ!"

"ಜೊತೆಗೆ ಧ್ರುವಕ್ಕಿಂತ ಇಲ್ಲಿ ನಿಮ್ಮ ತೂಕ ಕಮ್ಮಿ. ನೂರು ಕಿಲೋಗೆ ಅರ್ಧ ಕಿಲೋ."

"ಅಯ್ಯೋ, ಅಷ್ಟೇನಾ?" ದೋನ್ಯಾ ತ್ರಾನ್ಸಿತೊ ಮುಖ ಸಪ್ಪೆ ಮಾಡಿದಳು.

"ಇಲ್ಲಿ ನೆಲ ಗಂಟೆಗೆ ಸಾವಿರದಾರುನೂರು ಕಿಲೋಮೀಟರಿಗಿಂತ ಜಾಸ್ತಿ ವೇಗದಲ್ಲಿ ತಿರುಗ್ತಿದೆ. ನಿಂತಲ್ಲೇ ನಾವೆಲ್ಲ ಓಡ್ತಿದ್ದೀವಿ."

"ನಾನು ಮೂರು ವರ್ಷದಿಂದ ಎಲ್ಲೂ ಹೋಗಿಲ್ಲಮ್ಮ" ಎಂದ ಎಲಿಸೆಯೊ. ಯಾರೂ ಅದಕ್ಕೆ ಕಿವಿಗೊಡಲಿಲ್ಲ.

ಯಂತ್ರ ಕೀ ಎಂದಿತು. "ಗೆರೆ ಮನೆಯಿಂದ ಬಲಕ್ಕಿದೆ. ನೀವು ಉತ್ತರದವರು" ಎಂದಳು ಪೌಲಿನಾ.

"ನಾನು ಹೇಳಿರ್ಲಿಲ್ವಾ? ನಮ್ಮ ಅಳಿಯ ನಮ್ಮವನೇ!" ಎಂದು ನೆಪ್ತಾಲಿ ಬೆನ್ನು ತಟ್ಟಿದ. ಮೂರು ವರ್ಷ ಅವನು ಹಾಗೆ ಹೇಳಿರಲೇ ಇಲ್ಲ. ಎಲಿಸೆಯೊಗೆ ಅದೆಲ್ಲ ಬೇಕಿರಲಿಲ್ಲ. ಒಳಗೆ ಓಡಿ ಆಲೂಗಡ್ಡೆಯ ಪಾತ್ರೆ ಹೊತ್ತುಕೊಂಡು ಬಡಗಣ ಕೇರಿಯ ಕಡೆ ಹೊರಟೇಬಿಟ್ಟ.

"ಸ್ವಲ್ಪ ತಡೀರಿ! ಉಪಗ್ರಹದ ಸಿಗ್ನಲ್ ಇನ್ನೂ ಪೂರ್ತಿ ಸಿಕ್ಕಿಲ್ಲ. ಈಗ ಗೆರೆ ಮನೆಯಿಂದ ಎಡಕ್ಕೆ ಬಂತು. ನೀವು ದಕ್ಷಿಣದವರು."

"ಬನ್ನಿ ದೋನ್ ಎಲಿಸೆಯೊ, ನಮ್ಮ ಕಡೆ ಅವರೆಕಾಳು ಜಾಸ್ತಿ ಇದೆ, ಆಲೂಗಡ್ಡೆನೇ ಕಮ್ಮಿ" ಎಂದಳು ತ್ರಾನ್ಸಿತೊ. ಪಾತ್ರೆ ತಲೆಯ ಮೇಲಿಟ್ಟುಕೊಂಡೇ ಎಲಿಸೆಯೊ ತಿರುಗಿದ. ಬಿಸಿನೀರು ಕತ್ತಿನ ಮೇಲೆ ಇಳಿಯುತ್ತಿತ್ತು, ಆದರೂ ಮುಖದ ತುಂಬ ನಗು. ಉತ್ತರವೋ ದಕ್ಷಿಣವೋ, ಕೂರಲು ಒಂದು ಚೂರು ಜಾಗ, ಪಕ್ಕದಲ್ಲಿ ಒಂದು ಮೈ, ಇಷ್ಟು ಸಿಕ್ಕಿದರೆ ಸಾಕಿತ್ತು ಅವನಿಗೆ.

ಮೂರನೆಯ ಸಲ ಯಂತ್ರ ಬಹಳ ಹೊತ್ತು ಯೋಚಿಸಿತು. ಪೌಲಿನಾ ಕನ್ನಡಕ ಒರೆಸಿಕೊಂಡಳು. "ಈಗ ಸರಿಯಾಯ್ತು. ಗೆರೆ ನಿಮ್ಮ ಅಡಿಗೆಮನೆ ಕಿಟಕಿಯಲ್ಲಿ ಒಳಗೆ ಹೋಗಿ ಮುಂಬಾಗಿಲಲ್ಲಿ ಹೊರಗೆ ಬರುತ್ತೆ."

ಜನ ಒಟ್ಟಿಗೆ ಒಳಗೆ ನುಗ್ಗಿದರು. ಪೌಲಿನಾ ಕಿಟಕಿಯಿಂದ ಬಾಗಿಲಿಗೆ ಒಂದು ಕೆಂಪು ಹಗ್ಗ ಎಳೆದಳು. ಮೊಟ್ಟೆ ನೆಟ್ಟಗೆ ನಿಲ್ಲುವುದು ಭೂಮಧ್ಯರೇಖೆಯ ಮೇಲೆ ಮಾತ್ರ ಎಂದು ಊರಿನವರ ನಂಬಿಕೆ. ಹಗ್ಗದ ಕೆಳಗೆ ಮೊಳೆಯ ತಲೆಯ ಮೇಲೆ ಮೊಟ್ಟೆ ನಿಲ್ಲಿಸಲು ನಾಲ್ಕು ಜನ ಮಂಡಿಯೂರಿದರು. ತಾಳ್ಮೆ ಇದ್ದರೆ ಮೊಟ್ಟೆ ಯಾವ ಊರಲ್ಲಾದರೂ ನಿಲ್ಲುತ್ತದೆ ಎಂದು ಪೌಲಿನಾ ಹೇಳಿದ್ದಕ್ಕೆ ಅವರಿಗೆ ಅವಮಾನವಾಯಿತು. ಯಾರೋ ಎಲಿಸೆಯೊನ ಹಾಸಿಗೆಯ ಮೇಲೆ ಹತ್ತಿ, ಒಂದು ಕಾಲು ಆ ಗೋಳಾರ್ಧದಲ್ಲಿ, ಇನ್ನೊಂದು ಈ ಗೋಳಾರ್ಧದಲ್ಲಿ ಇಟ್ಟು ಫೋಟೊ ತೆಗೆಸಿಕೊಂಡರು.

ಇಬ್ಬರು ಮುಖಂಡರೂ ಮೂಲೆಯಲ್ಲಿ ಗುಸುಗುಸು ಮಾತಾಡಿಕೊಂಡರು. ನೆಪ್ತಾಲಿ ಗಂಟಲು ಸರಿಮಾಡಿಕೊಂಡ. "ಊರಿನ ನಡು ಸಿಕ್ಕಿದೆ. ಇವತ್ತು ಎರಡು ಕೇರಿಗೂ ಒಂದೇ ಪಾಂಪಮೇಸ. ಇಲ್ಲೇ, ಈ ಮನೆಯಲ್ಲೇ. ಪ್ರತಿ ವರ್ಷವೂ!"

ಎಲಿಸೆಯೊಗೆ ಕಣ್ಣು ತುಂಬಿ ಬಂತು. ಲೂಸ್ಮಿಲಾಳ ಶವಕ್ಕೆ ಹೆಗಲು ಕೊಟ್ಟವರು ಹೊರಟುಹೋದ ಮೇಲೆ ಆ ಹೊಸ್ತಿಲು ದಾಟಿ ಯಾರೂ ಒಳಗೆ ಬಂದಿರಲಿಲ್ಲ. ಅವನೇ ಮುಂದೆ ನಿಂತು ಮೇಜು ಹೊರಗೆ ಹಾಕಿದ, ಕುರ್ಚಿ ಹಾಕಿದ, ಮಂಚವನ್ನೂ ಅಂಗಳಕ್ಕೆ ಎಳೆದ. ಹಗ್ಗದ ಕೆಳಗೆ ಬಟ್ಟೆ ಹಾಸಿದರು. ಎರಡೂ ಶಂಖ ಒಟ್ಟಿಗೆ ಮೊಳಗಿದವು. ಉತ್ತರದವರು ಉತ್ತರದ ಗೋಡೆಗೆ, ದಕ್ಷಿಣದವರು ದಕ್ಷಿಣದ ಗೋಡೆಗೆ ಒತ್ತೊತ್ತಾಗಿ ಕೂತರು. ಎಲಿಸೆಯೊ ಪೊಂಚೊ ಸರಿಮಾಡಿಕೊಂಡು ಉತ್ತರದ ಸಾಲಿನ ತುದಿಯಲ್ಲಿ ಮಂಡಿ ಮಡಚಿದ.

"ಅಲ್ಲಿ ಹೇಗೆ ಕೂರ್ತಾರೆ?" ತ್ರಾನ್ಸಿತೊ ಗದರಿದಳು. "ಅವರ ಕಡೆ ಒಂದು ತಲೆ ಜಾಸ್ತಿ ಆಗಲ್ವಾ?"

ಅವನು ಎದ್ದು ದಕ್ಷಿಣಕ್ಕೆ ಬಂದ.

"ಹೆಣ್ಣು ಕೊಟ್ಟೋರು ನಾವು, ಕೂರೋದು ಅವರ ಕಡೆನಾ?" ನೆಪ್ತಾಲಿ ಸಿಡಿದ.

ನಡುವೆ ಕೂರೋಣವೆಂದರೆ ಅಲ್ಲಿ ಬೇಯಿಸಿದ ಜೋಳದ ರಾಶಿ. ಅಷ್ಟರಲ್ಲಿ ಹಗ್ಗ ಸಡಿಲವಾಗಿ ಒಂದು ಗೇಣು ಉತ್ತರಕ್ಕೆ ವಾಲಿತು.

"ತಳ್ತಿದಾರೆ! ನಮ್ಮ ಆಲೂಗಡ್ಡೆ ಅವರ ಪಾಲಿಗೆ ಹೋಯ್ತು!" ಉತ್ತರದವರಲ್ಲಿ ಯಾರೋ ಕೂಗಿದರು. ಒಂದು ಹಿಡಿ ಅವರೆಕಾಳು ಗಾಳಿಯಲ್ಲಿ ಹಾರಿತು, ಉತ್ತರವಾಗಿ ಮೂರು ಹಿಡಿ ಬಂತು. ಪೌಲಿನಾ ಎರಡೂ ಕೈ ಎತ್ತಿದಳು. "ಯಾರಾದ್ರೂ ಆ ತುದಿ ಬಿಗಿಯಾಗಿ ಹಿಡ್ಕೊಳ್ಳಿ! ಎರಡೂ ಕಡೆಗೆ ಸೇರದವರು ಯಾರಾದ್ರೂ!"

ಅವರೆಕಾಳು ನಿಂತಿತು. ಎಲ್ಲರೂ ಒಟ್ಟಿಗೆ ಎಲಿಸೆಯೊನ ಕಡೆ ತಿರುಗಿದರು. ಅಂಥವನು ಇಡೀ ಊರಿಗೆ ಅವನೊಬ್ಬನೇ.

"ದೋನ್ ಎಲಿಸೆಯೊ ಬಿಟ್ರೆ ಬೇರೆ ಯಾರನ್ನೂ ನಾವು ನಂಬಲ್ಲ" ಎಂದಳು ತ್ರಾನ್ಸಿತೊ.

"ನಾವೂ ಅಷ್ಟೇ. ಇನ್ಮುಂದೆ ಪ್ರತಿ ಹಬ್ಬಕ್ಕೂ ಅವನದೇ ಈ ಕೆಲಸ" ಎಂದ ನೆಪ್ತಾಲಿ. ಎರಡು ಕೇರಿಯವರೂ ಮೊದಲ ಸಲ ಒಂದೇ ಮಾತಿಗೆ ಚಪ್ಪಾಳೆ ತಟ್ಟಿದರು.

ಹಗ್ಗದ ತುದಿ ಅಡಿಗೆಮನೆಯ ಕಿಟಕಿಯಾಚೆ ಹಿತ್ತಲಿನಲ್ಲಿತ್ತು. ಅದನ್ನು ಎರಡೂ ಕೈಯಲ್ಲಿ ಹಿಡಿದು ಎಲಿಸೆಯೊ ಗೋಡೆಯ ಹೊರಗೆ ನಿಂತ. ಅಲ್ಲಿಂದ, ನೆಲದ ಮೇಲೆ ಕೂತ ಒಳಗಿನವರು ಕಾಣುತ್ತಿರಲಿಲ್ಲ. ನಗು ಕೇಳಿಸುತ್ತಿತ್ತು, ತ್ರಾನ್ಸಿತೊ ಸೊಂಟದ ಮಾತು ಎತ್ತಿದ್ದು ಕೇಳಿಸುತ್ತಿತ್ತು, ಯಾರೋ ಆಲೂಗಡ್ಡೆ ಬಹಳ ಚೆನ್ನಾಗಿದೆ ಎಂದದ್ದೂ ಕೇಳಿಸಿತು. ಅದು ತನ್ನದು ಎಂದು ಕೂಗಿ ಹೇಳಬೇಕೆನಿಸಿತು. ಮನೆ ಖಾಲಿ ಇದ್ದಾಗ ಇಷ್ಟು ಒಂಟಿ ಅನಿಸಿರಲಿಲ್ಲ ಅವನಿಗೆ.

ಆಗ ಒಳಗಿನಿಂದ ಎರಡು ಕೇರಿಯವರೂ ಒಂದೇ ದನಿಯಲ್ಲಿ, ಅವನದೇ ಹೆಸರು ಹಿಡಿದು ಕೂಗಿದರು.

"ದೋನ್ ಎಲಿಸೆಯೊ!"

ಮೂರು ವರ್ಷ ಕಾದದ್ದು ಈ ಒಂದು ಕೂಗಿಗೆ. "ಬಂದೆ, ಬಂದೆ!" ಎನ್ನುತ್ತ ಅವನು ಕಿಟಕಿಯ ಕಡೆ ಎರಡು ಹೆಜ್ಜೆ ಓಡಿದ.

"ಅಯ್ಯೋ, ಬರಬೇಡ್ರಿ! ಹಗ್ಗ ಜೋಲು ಬಿತ್ತು! ಇನ್ನೊಂದು ಸ್ವಲ್ಪ ಆಚೆಗೆ ಹೋಗಿ ನಿಂತ್ಕೊಳ್ಳಿ!"