ಮೊಹರು ಬಿದ್ದ ಪ್ರೋಗ್ರಾಮು

ಕಂಪ್ಯೂಟರಿನ ಮೇಲೆ ಕೂತಿದ್ದ ಹತ್ತಿ ಎಳೆಗಳನ್ನು ಒರೆಸುತ್ತಿದ್ದ ಅನಸೂಯಾಬಾಯಿಯ ಕೈ ಅಲ್ಲೇ ನಿಂತಿತು. ಹೊರಗೆ ಹತ್ತಿ ತೂಗುವ ದುರುಗಪ್ಪ ಮ್ಯಾನೇಜರ್ ಜಿಲಾನಿ ಪಾಷಾ ಅವರ ಕಿವಿ ಊದುತ್ತಿದ್ದ.

“ಬಾಯೋರ ಪ್ರೋಗ್ರಾಮು ಪುಕ್ಕಟಿ ಬಂದದ್ದಂತ್ರೀ ಸಾಹೇಬ್ರ! ಒಳಗಿಂದೆಲ್ಲ ಯಾರ್ ಬೇಕಾದ್ರೂ ಓದಬಹುದಂತ, ತಿದ್ದಬಹುದಂತ!”

ಅದು ೧೯೮೮ರ ಸುಗ್ಗಿ. ರಾಯಚೂರಿನ ಆ ಹತ್ತಿ ಮಿಲ್ಲಿಗೆ ಮಾನ್ವಿ, ದೇವದುರ್ಗದಿಂದ ಬರುವ ಬಂಡಿಗಳಿಗೆ ಪಾಳಿ ಚೀಟಿ ಕೊಡುವುದು ಆ ಪ್ರೋಗ್ರಾಮಿನ ಕೆಲಸ. ಹೈದರಾಬಾದಿನ ಮೇಷ್ಟ್ರೊಬ್ಬರು ಅದನ್ನು ಬರೆದು, ‘ಓದಿ, ತಿದ್ದಿ, ಹಂಚಿ, ತಪ್ಪು ಕಂಡರೆ ತಿಳಿಸಿ’ ಎಂದು ಫ್ಲಾಪಿ ಕಳಿಸಿದ್ದರು. ತಪ್ಪು ಕಂಡಿತ್ತು: ತೊಂಬತ್ತೊಂಬತ್ತನೇ ಚೀಟಿ ಆದ ಮೇಲೆ ಮತ್ತೆ ಒಂದನೇ ನಂಬರು! ಅನಸೂಯಾಬಾಯಿ ಅದನ್ನು ತಿದ್ದಿ, ತಿದ್ದಿದ ಸಾಲುಗಳನ್ನು ಪತ್ರದಲ್ಲೂ ಬರೆದಿದ್ದಳು. ಆದರೆ ಮೇಷ್ಟ್ರಿಗೇ ತಪ್ಪು ತೋರಿಸುವುದೆಂತು ಎಂದು ಅಂಜಿದ್ದರಿಂದ ಪತ್ರ ಎಂಟು ತಿಂಗಳಿಂದ ಡ್ರಾಯರಿನಲ್ಲೇ ಇತ್ತು.

ಪ್ರೋಗ್ರಾಮಿನ ಜೊತೆ ಈ ಕುರ್ಚಿಯೂ ಹೋದರೆ ಮತ್ತೆ ಗೇಟಿನಲ್ಲಿ, ಎತ್ತಿನ ಬಾಲದೇಟು ತಿನ್ನುತ್ತ ಕೈಯಿಂದ ಚೀಟಿ ಬರೆಯಬೇಕು.

“ಅಂದ್ರ ನಮ್ಮ ಗಿರಾಕಿ ಹೆಸರೆಲ್ಲ ಪ್ಯಾಟಿಯವ್ರು ಓದ್ತಾರೇನ್ರೀ?” ಸಾಹೇಬರು ಒಳಗೆ ನುಗ್ಗಿದರು.

“ಇಲ್ರೀ ಸಾಹೇಬ್ರ. ಹೋಳಗಿ ಮಾಡೂದು ಎಲ್ಲಾರಿಗೂ ಗೊತ್ತದ. ಹಂಗಂತ ನಮ್ಮ ಡಬ್ಬಿಯಾಗಿನ ಹೋಳಗಿ ಓಣಿಯವ್ರಿಗೆ ಸಿಗತಾವೇನ್ರೀ?”

“ಕೆಟ್ರ ಯಾರನ್ನ ಬೈಬೇಕ್ರೀ? ಮಾಲಕ ಇಲ್ಲದ ಬೀದಿ ದನ ಅದು!”

ಮಧ್ಯಾಹ್ನಕ್ಕೆ ಪ್ರೋಗ್ರಾಮು ಮಾರುವ ಏಜೆಂಟನೊಬ್ಬ ಬಂದ. ಅರಗಿನ ಮೊಹರು ಬಿದ್ದ ಡಬ್ಬಿ ತಂದಿದ್ದ. “ಒಳಗಿಂದು ಯಾರಿಗೂ ಕಾಣಂಗಿಲ್ರೀ!” ಸಾಹೇಬರ ಮುಖ ಅರಳಿತು. ದುರುಗಪ್ಪ ಬಾಯಿ ತಿದ್ದಿದ್ದ ಹಳೆಯ ಫ್ಲಾಪಿಯನ್ನು ಚಹಾದ ಒಲೆಗೆ ಹಾಕಿಯೇಬಿಟ್ಟ.

ಏಜೆಂಟ ಡಬ್ಬಿಯ ಫ್ಲಾಪಿ ತೂರಿಸಿದ; ಪರದೆ ಬೆಳಗಿತು. ಮೇಷ್ಟ್ರ ಪ್ರೋಗ್ರಾಮು ತೆರೆದಾಗಲೆಲ್ಲ ಮೊದಲು ಮೂಡುತ್ತಿದ್ದ ಅದೇ ವಕ್ರ ಗೆರೆ, ಅದೇ ನಾಲ್ಕು ನಕ್ಷತ್ರ!

“ಸಾಹೇಬ್ರ, ಇದು ಮೇಷ್ಟ್ರ ಪ್ರೋಗ್ರಾಮ್ರೀ! ನಾ ತಿದ್ದಿದ್ದು ಅವ್ರಿಗೆ ಕಳಿಸೇ ಇಲ್ಲ, ಇದು ತಿದ್ದೂಕಿಂತ ಮೊದಲಿಂದು! ನೂರನೇ ಬಂಡಿಗೆ ಇದು...”

“ಹೊಟ್ಟಿಕಿಚ್ಚು ಬ್ಯಾಡ್ರೀ ಬಾಯೋರ,” ಎಂದರು ಸಾಹೇಬರು.

ಬಾಯಿ ಕಿಟಕಿಯಲ್ಲಿ ನಿಂತು ಬಂಡಿ ಎಣಿಸಿದಳು. ತೊಂಬತ್ತೆಂಟು... ತೊಂಬತ್ತೊಂಬತ್ತು... ನೂರನೆಯದಾಗಿ ಬಾಗಲವಾಡದ ಯಮನೂರಪ್ಪನ ಬಂಡಿ ಬಂತು.

“ಏ, ಸರೀರಲೇ! ಒಂದನೇ ನಂಬರ್ ನಂದ!” ಅವನು ಚೀಟಿ ಎತ್ತಿ ಹಿಡಿದು, ಕಾದಿದ್ದವರನ್ನೆಲ್ಲ ದಾಟಿ ಎತ್ತು ಹೊಡೆದ. ಗಾಲಿಗೆ ಗಾಲಿ ಸಿಕ್ಕಿ, ಬೈಗುಳವೂ ಹತ್ತಿಯೂ ಒಟ್ಟಿಗೆ ಹಾರಾಡಿದವು.

“ರಿಪೇರಿ ಮಾಡಲೇ!” ಸಾಹೇಬರು ಏಜೆಂಟನ ಮೇಲೆ ಹರಿಹಾಯ್ದರು.

“ಮೊಹರಿಂದು ಬಿಚ್ಚಾಕ ನನಗ ಬರಂಗಿಲ್ರೀ. ಹೈದರಾಬಾದಿನ ಮೇಷ್ಟ್ರು ತಿದ್ದಿದ ಮ್ಯಾಲ ಹೊಸಾದು ತರತೀನಿ.”

ಅನಸೂಯಾಬಾಯಿ ಡ್ರಾಯರಿನತ್ತ ಕೈ ತೋರಿದಳು. “ಕೇಳಿದ್ರಲ್ರೀ ಸಾಹೇಬ್ರ! ತಿದ್ದಿದ್ದು ನನ್ನ ಹತ್ರ ಪತ್ರದಾಗ ಅದ. ಕಳಿಸಿದ್ರ ಮೇಷ್ಟ್ರು ಪುಕ್ಕಟಿ ಫ್ಲಾಪಿ...”

“ಪುಕ್ಕಟಿ ಬ್ಯಾಡ ಅಂದೆ! ನೀವು ಪತ್ರ ಹಾಕ್ರಿ, ಅವ್ರು ತಿದ್ದಲಿ, ಇವ ಮೊಹರು ಹಾಕ್ಕೊಂಡು ತರಲಿ. ಅಲ್ಲೀತನಕ ನೀವು ಗೇಟಿನ್ಯಾಗ ಕೂತು ಚೀಟಿ ಬರೀರಿ.”

ಎಂಟು ತಿಂಗಳ ಪತ್ರ ಕೊನೆಗೂ ಡ್ರಾಯರಿನಿಂದ ಹೊರಬಿತ್ತು. ಅಂಚೆಗೆ ಹಾಕಲು ಹೊರಟ ದುರುಗಪ್ಪ ಲಕೋಟೆಯನ್ನು ತಿರುವಿ ನೋಡಿ, ದನಿ ತಗ್ಗಿಸಿದ:

“ಗಟ್ಟಿ ಅಂಟಿಸ್ರಿ ಬಾಯೋರ. ಒಳಗಿಂದು ಯಾರರ ಓದಿಗೀದ್ಯಾರು!”